ಒಂದೇ ಸಲ, ಒಂದೇ ನಕಲು

ಮಾವಿನ ಕಾಲ ಬಂತೆಂದರೆ ನಮ್ಮ ಅಡಿಗೆಮನೆಗೆ ಕರೆಯದೆ ಬರುವ ಅತಿಥಿಗಳುಂಟು. ಹಣ್ಣಿನ ಬುಟ್ಟಿಯ ಮೇಲಿನ ಬಟ್ಟೆಯನ್ನು ಎತ್ತಿದೊಡನೆ ಗುಂಪಾಗಿ ಮೇಲೇಳುವ ಆ ಕೆಂಗಣ್ಣಿನ ಪುಟ್ಟ ನೊಣಗಳನ್ನು ವಾಚಕರೆಲ್ಲರೂ ಬಲ್ಲರು. ಮೊನ್ನೆ ಭಾನುವಾರ ನನ್ನ ಮಡದಿ ಸೆರಗಿನಿಂದ ಅವನ್ನು ಓಡಿಸುತ್ತಿದ್ದಾಗ ಮಗಳು ಕೇಳಿದಳು: “ಅಪ್ಪಾ, ದೇವರು ಇವನ್ನು ಯಾಕೆ ಮಾಡಿದ?”

“ಮಗೂ, ನಿನ್ನ ಮೈಯೊಳಗಿನ ಎಷ್ಟೋ ಲೆಕ್ಕ ತಿಳಿದದ್ದು ಇವುಗಳಿಂದಲೇ” ಎಂದೆ.

“ಹಾಗಾದರೆ ಲೆಕ್ಕ ಬಲ್ಲವರೇ ಬಂದು ಬುಟ್ಟಿ ಕಾಯಲಿ” ಎಂದು ಮಡದಿ ಒಳಗೆ ನಡೆದಳು. ಬುಟ್ಟಿ ಕಾಯುತ್ತ ಕುಳಿತಾಗ ನೆನಪಿಗೆ ಬಂದುದನ್ನೇ ಈ ಸಲ ಬರೆಯುತ್ತಿದ್ದೇನೆ.

ಈ ನೊಣದ ಹೆಸರು ಡ್ರೊಸೊಫಿಲ. 1910ರಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಎಂಬ ಪ್ರಾಧ್ಯಾಪಕರು ಕೆಂಗಣ್ಣಿನ ನೊಣಗಳ ನಡುವೆ ಒಂದು ಬಿಳಿಗಣ್ಣಿನ ನೊಣವನ್ನು ಕಂಡರು. ಅದರ ಸಂತತಿಯನ್ನು ಬೆನ್ನುಹತ್ತಿ, ವಂಶಗುಣಗಳು ವರ್ಣತಂತುಗಳ ಮೇಲೆ ಕುಳಿತಿವೆಯೆಂದು ತೋರಿಸಿಕೊಟ್ಟರು. 1933ರಲ್ಲಿ ನೊಬೆಲ್ ಬಹುಮಾನ ಪಡೆದರು. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಈ ನೊಣಗಳನ್ನು ಸಾಕಿ, ಸಂಶೋಧಕರಿಗೆ ಒದಗಿಸುವ ಕೇಂದ್ರವಿದೆ ಎಂಬುದು ನಮಗೆ ಹೆಮ್ಮೆಯ ಮಾತು.

ಇನ್ನು ವಿಷಯಕ್ಕೆ ಬರೋಣ. ಒಂದು ಜೀವಕೋಶ ಎರಡಾಗುವ ಮುನ್ನ ತನ್ನಲ್ಲಿರುವ ಡಿಎನ್ಎ ಎಂಬ ಮೂಲ ದಸ್ತಾವೇಜನ್ನು ಪೂರ್ತಿಯಾಗಿ ನಕಲು ಮಾಡಬೇಕು. ನೊಣದ ದಸ್ತಾವೇಜಿನಲ್ಲಿ ಸುಮಾರು 18 ಕೋಟಿ ಅಕ್ಷರಗಳು. ಒಂದು ಪುಟವೂ ಬಿಟ್ಟುಹೋಗಬಾರದು. ಒಂದು ಪುಟವೂ ಎರಡು ಸಲ ನಕಲಾಗಬಾರದು. ಬಿಟ್ಟುಹೋದರೆ ಕೆಡುಕೆಂಬುದು ಯಾರಿಗೂ ತಿಳಿಯುತ್ತದೆ. ಒಂದು ಹೆಚ್ಚಾದರೆ ಏನು ನಷ್ಟ? ನಾನೂ ಒಂದು ಕಾಲದಲ್ಲಿ ಹಾಗೆಯೇ ಎಣಿಸಿದ್ದೆ.

ನೌಕರಿಗೆ ಸೇರಿದ ಹೊಸತರಲ್ಲಿ, ತೀರಿಹೋದ ಜವಾನನೊಬ್ಬನ ಹೆಂಡತಿಗೆ ಸಲ್ಲಬೇಕಾದ ಬಾಕಿ ಹಣದ ಮಂಜೂರಾತಿ ಪತ್ರವನ್ನು ನಾನೇ ಸಿದ್ಧಪಡಿಸಿ ಕಳುಹಿಸಿದೆ. ವಾರದ ಮೇಲೆ ಲೆಕ್ಕದ ಶಾಖೆಯವರು, “ಪತ್ರ ಬಂದಿಲ್ಲ, ಇನ್ನೊಂದು ಪ್ರತಿ ಕೊಡಿ” ಎಂದರು. ಕೊಟ್ಟೆ. ಅದರ ಮೇಲೆ ‘ಎರಡನೆಯ ಪ್ರತಿ’ ಎಂದು ಬರೆಯಲಿಲ್ಲ. ರಿಜಿಸ್ಟರಿನಲ್ಲಿಯೂ ಗುರುತು ಹಾಕಲಿಲ್ಲ. ಮೊದಲಿನ ಪತ್ರ ಯಾವುದೋ ಫೈಲಿನಿಂದ ಹೊರಬಿತ್ತು. ಎರಡಕ್ಕೂ ಹಣ ಸಂದಾಯವಾಯಿತು. ಆ ತಾಯಿ ಅದನ್ನು ನಂಬಿ ಮಗಳ ಮದುವೆ ಮಾಡಿದರು. ವರ್ಷದ ನಂತರ ಲೆಕ್ಕ ತಪಾಸಣೆಯವರು ಹಿಡಿದರು. ಆಕೆಯ ಪಿಂಚಣಿಯಲ್ಲಿ ತಿಂಗಳು ತಿಂಗಳೂ ಕಡಿತವಾಗತೊಡಗಿತು. ಮಡಿಸಿದ ಕಾಗದವನ್ನು ಹಿಡಿದು ಬಂದು ಆಕೆ ಮರಾಠಿಯಲ್ಲಿ ಕೇಳಿದ್ದು ಒಂದೇ ಮಾತು: “ಸಾಹೇಬ್, ಇದರಲ್ಲಿ ನನ್ನ ತಪ್ಪೇನು?” ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಈ ನೊಣದ ಜೀವಕೋಶದಲ್ಲಿ ಆ ಎಚ್ಚರ ಹೇಗಿದೆ ನೋಡಿ. ಡಿಎನ್ಎ ಎಳೆಯ ಉದ್ದಕ್ಕೂ ನಕಲು ಆರಂಭವಾಗಬಲ್ಲ ಸ್ಥಳಗಳು ಸಾವಿರಾರು. ಓಆರ್‌ಸಿ ಎಂಬ, ಆರು ಪ್ರೋಟೀನುಗಳ ಕೂಟವೊಂದು ಅಲ್ಲಲ್ಲಿ ಹೋಗಿ ಕೂರುತ್ತದೆ. ಮತ್ತೆರಡು ಪ್ರೋಟೀನುಗಳು ಅದರ ಜೊತೆಗೂಡಿ, ಎಂಸಿಎಂ ಎಂಬ ಬಳೆಯಾಕಾರದ ಯಂತ್ರವನ್ನು ಎಳೆಗೆ ತೊಡಿಸುತ್ತವೆ. ಆ ಎರಡರಲ್ಲಿ ಒಂದಕ್ಕೆ ನೊಣದ ಪಂಡಿತರು ‘ಡಬಲ್ ಪಾರ್ಕ್ಡ್’ ಎಂದು ಹೆಸರಿಟ್ಟಿದ್ದಾರೆ. ನಮ್ಮ ಗಲ್ಲಿಗಳ ವಾಹನಗಳನ್ನು ಕಂಡವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಳೆ ತೊಡಿಸುವ ಈ ಕೆಲಸವನ್ನು ವಿಜ್ಞಾನಿಗಳು ಲೈಸೆನ್ಸ್ ಕೊಡುವುದು ಎಂದೇ ಕರೆಯುತ್ತಾರೆ.

ಲೈಸೆನ್ಸ್ ಸಿಕ್ಕಿತೆಂದು ಕೆಲಸ ಕೂಡಲೆ ಶುರುವಾಗದು. ಸೈಕ್ಲಿನ್-ಇ ಎಂಬ ಪ್ರೋಟೀನು ತನ್ನ ಜೊತೆಗಾರನೊಂದಿಗೆ ಮೇಲಧಿಕಾರಿಯಂತೆ ಬಂದು ಅಪ್ಪಣೆ ಕೊಡಬೇಕು. ಆಗ ಬಳೆಗೆ ಬೇರೆ ಸಹಾಯಕರು ಸೇರಿ, ಎಳೆ ಬಿಚ್ಚಿಕೊಂಡು, ನಕಲು ಹೊರಡುತ್ತದೆ. ಇನ್ನು ಮುಂದಿನದೇ ಸ್ವಾರಸ್ಯ. ನಕಲು ಹೊರಟೊಡನೆ ಡಬಲ್ ಪಾರ್ಕ್ಡ್ ಪ್ರೋಟೀನನ್ನು ಕೋಶವೇ ನಾಶಮಾಡುತ್ತದೆ. ಅಳಿದುಳಿದದ್ದನ್ನು ಜೆಮಿನಿನ್ ಎಂಬ ಮತ್ತೊಂದು ಪ್ರೋಟೀನು ಹಿಡಿದು ಕಟ್ಟಿಹಾಕುತ್ತದೆ. ಕೋಶ ಎರಡಾಗಿ ಮುಗಿಯುವ ಹೊತ್ತಿಗೆ ಜೆಮಿನಿನ್ ತಾನೇ ಕರಗುತ್ತದೆ. ಆಮೇಲೆಯೇ ಹೊಸ ಲೈಸೆನ್ಸ್. ಅಂದರೆ ಮುದ್ರೆ ಒತ್ತುವವನನ್ನು ಕೆಲಸ ಮುಗಿಯುವವರೆಗೆ ಕೊಠಡಿಯಿಂದಲೇ ಹೊರಗಿಟ್ಟ ಹಾಗಾಯಿತು. ಪ್ರಯೋಗಶಾಲೆಯಲ್ಲಿ ನೊಣದ ಕೋಶಗಳಿಂದ ಜೆಮಿನಿನ್ ತೆಗೆದು ನೋಡಿದರು. ನಕಲಾದದ್ದೇ ಮತ್ತೆ ನಕಲಾಗಿ, ಡಿಎನ್ಎ ಗೊಂದಲಕ್ಕೆ ಸಿಕ್ಕಿ ಹಾನಿಗೊಂಡಿತು. ಇಂತಹ ಹಾನಿಯೇ ಕ್ಯಾನ್ಸರಿನ ದಾರಿಯಲ್ಲಿ ಒಂದು ಹೆಜ್ಜೆಯಾಗಬಲ್ಲದು.

ಹಾಗೆಂದು ನಿಯಮಕ್ಕೆ ವಿನಾಯಿತಿಯೇ ಇಲ್ಲವೆಂದಲ್ಲ. ನೊಣದ ಮೊಟ್ಟೆಗೆ ಚಿಪ್ಪು ಕೆಲವೇ ಗಂಟೆಗಳಲ್ಲಿ ಸಿದ್ಧವಾಗಬೇಕು; ಅದಕ್ಕಾಗಿ ಮೊಟ್ಟೆಯ ಸುತ್ತಲಿನ ಕೋಶಗಳು ಚಿಪ್ಪಿನ ವಂಶವಾಹಿಗಳನ್ನು ಮಾತ್ರ ಹಲವು ಪಟ್ಟು, ಒಂದು ಕಡೆ 60ರಿಂದ 80 ಪಟ್ಟು, ನಕಲು ಮಾಡಿಕೊಳ್ಳುತ್ತವೆ. ಮರಿಹುಳದ ಜೊಲ್ಲುಗ್ರಂಥಿಯಲ್ಲಿ ಸಾವಿರಕ್ಕೂ ಮಿಕ್ಕಿದ ಎಳೆಗಳು ಒಂದಕ್ಕೊಂದು ಅಂಟಿಕೊಂಡು ದಪ್ಪ ಹಗ್ಗದಂತಾಗಿರುತ್ತವೆ. ಇನ್ನು ಮೊಟ್ಟೆಯೊಳಗಿನ ಎಳೆಯ ಭ್ರೂಣದ ಅವಸರವನ್ನಂತೂ ಕೇಳಲೇಬೇಡಿ. ಮೊದಮೊದಲು ಇಡೀ ದಸ್ತಾವೇಜನ್ನು ಮೂರು ನಾಲ್ಕು ನಿಮಿಷಗಳಲ್ಲಿ ನಕಲು ಮಾಡಿ ಮುಗಿಸುತ್ತದೆ. 13 ಸುತ್ತು ಆದ ಮೇಲೆ ಅದೇ ಕೆಲಸಕ್ಕೆ ಹತ್ತಿರ ಹತ್ತಿರ ಒಂದು ಗಂಟೆ ತೆಗೆದುಕೊಳ್ಳುತ್ತದೆ. ರಿಫ್-1 ಎಂಬ ಪ್ರೋಟೀನು ಕೆಲವು ಭಾಗಗಳನ್ನು ತಡೆದಿಟ್ಟು, ‘ನಿಮ್ಮ ಸರದಿ ಆಮೇಲೆ’ ಎನ್ನುವುದೂ ಇದಕ್ಕೊಂದು ಕಾರಣವೆಂದು 2018ರಲ್ಲಿ ತಿಳಿದುಬಂತು.

ನೊಣದ ಮಾತು ನೊಣಕ್ಕಾಯಿತು, ನಮಗೇನು ಎನ್ನುವಿರಾ? ಇದೇ ಪ್ರೋಟೀನುಗಳ ಬಂಧುಗಳು ನಮ್ಮ ಕೋಶಗಳಲ್ಲಿಯೂ ಇವೆ. ಲೈಸೆನ್ಸ್ ಕೊಡುವ ಈ ಕೂಟದ ವಂಶವಾಹಿಗಳಲ್ಲಿ ದೋಷವಿದ್ದರೆ ಮಕ್ಕಳು ತೀರ ಕುಳ್ಳಾಗಿ, ಕಿವಿ ಚಿಕ್ಕದಾಗಿ, ಮಂಡಿಚಿಪ್ಪು ಸಣ್ಣದಾಗಿ ಇಲ್ಲವೆ ಇಲ್ಲದೆಯೇ ಬೆಳೆಯುವುದುಂಟು ಎಂದು 2011ರಲ್ಲಿ ವೈದ್ಯರು ಗುರುತಿಸಿದರು. ಈ ರೋಗಕ್ಕೆ ಮೈಯರ್-ಗಾರ್ಲಿನ್ ಎಂದು ಹೆಸರು. ಇಂತಹ ದೋಷ ಕೋಶದೊಳಗೆ ಮಾಡುವ ಕೆಲಸವನ್ನು ಅರಿಯಲು ಈ ನೊಣವೂ ನೆರವಾಗಿದೆ.

ಆ ತಾಯಿ ಬಂದುಹೋದ ಮೇಲೆ ನಾನೊಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಪ್ರತಿ ಕೊಟ್ಟೊಡನೆ ಮೂಲದ ಮೇಲೆ ಕೆಂಪು ಶಾಯಿಯಲ್ಲಿ ‘ನಕಲು ಕೊಡಲಾಗಿದೆ’ ಎಂದು ಬರೆದು ತಾರೀಖು ಹಾಕುತ್ತೇನೆ. ಸಹೋದ್ಯೋಗಿಗಳು ನಗುತ್ತಾರೆ, ನಗಲಿ.

ಬುಟ್ಟಿಯ ಸಂಗತಿ ಮರೆತೆ. ನಾನು ಇಷ್ಟನ್ನೂ ಯೋಚಿಸುತ್ತ ಕುಳಿತಿದ್ದಾಗ ಬಟ್ಟೆ ಜಾರಿ, ನೊಣಗಳು ಎರಡು ಹಣ್ಣುಗಳನ್ನು ಮುತ್ತಿದ್ದವು. ಮಡದಿ ಏನೆಂದಳೆಂಬುದನ್ನು ಇಲ್ಲಿ ನಕಲು ಮಾಡುವುದಿಲ್ಲ.