ಸರಪಳಿ ಬೇಡ, ದಾದಿ ಬೇಕು

ಮನೋರೋಗವೆಂದರೆ ಸೋಂದೆಯ ಭೂತರಾಜನ ಸನ್ನಿಧಿಗೆ ಹರಕೆ, ಅದು ಸಾಲದಾದರೆ ಧಾರವಾಡದ ದೊಡ್ಡಾಸ್ಪತ್ರೆ. ಘಟ್ಟದ ಬಡವನಿಗೆ ಬಹುಕಾಲ ಇವೆರಡೇ ದಾರಿಯಾಗಿದ್ದವು. ಹರಕೆಯನ್ನು ನಾವು ಹಳಿಯುವುದಿಲ್ಲ. ನೊಂದ ಮನೆಗೆ ಅದು ಧೈರ್ಯ. ಆದರೆ ದೂರದ ಆಸ್ಪತ್ರೆಗೆ ಹೋಗಿಬರುವುದೆಂದರೆ ಗಿರಣಿ ಕೆಲಸಗಾರನಿಗೆ ಕೂಲಿ ಖೋತಾ, ಚಿಲ್ಲರೆ ವ್ಯಾಪಾರಿಗೆ ಅಂಗಡಿ ಬಂದ್. ಹೀಗಾಗಿ ಮಾತ್ರೆ ನಡುವೆಯೇ ನಿಲ್ಲುತ್ತದೆ, ರೋಗ ಮರುಕಳಿಸುತ್ತದೆ.

ಬೇರೆ ದಾರಿಯಿಲ್ಲವೆ? ಇದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಊರಿನ ಬಳಿಯಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಆ ಮಾದರಿಯ ಮೇಲೆಯೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲಾಯಿತು. 2001ರಲ್ಲಿ ತಮಿಳುನಾಡಿನ ಏರವಾಡಿಯಲ್ಲಿ ಸರಪಳಿ ಬಿಗಿದ ರೋಗಿಗಳು 28 ಮಂದಿ ಬೆಂಕಿಗೆ ಬಲಿಯಾದರು. 2017ರ ಕಾಯಿದೆ ಸರಪಳಿಯನ್ನೇ ನಿಷೇಧಿಸಿತು, ಚಿಕಿತ್ಸೆಯನ್ನು ಹಕ್ಕೆಂದು ಸಾರಿತು.

ಕಾಯಿದೆ ತಾನಾಗಿ ಮನೆಬಾಗಿಲಿಗೆ ನಡೆದು ಬಾರದು, ದಾದಿ ಬರಬೇಕು. ನಿದ್ದೆ, ಊಟ, ಮಾತ್ರೆ ವಿಚಾರಿಸುವುದು, ಮನೆಯವರಿಗೆ ತಿಳಿಹೇಳುವುದು, ಗುಣವಾಗುತ್ತಿರುವವರನ್ನು ಮತ್ತೆ ದುಡಿಮೆಗೆ ಹಚ್ಚುವುದು, ಇದೂ ಚಿಕಿತ್ಸೆಯೇ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಳ್ಳಿಹಳ್ಳಿಗೆ ಹೋಗಿಬರಲು ಇದಕ್ಕೆಂದೇ ತರಬೇತಾದ ದಾದಿಯರು ಸಾಕಷ್ಟು ಬೇಕೆಂದು ಸರಕಾರವನ್ನು ನಾವು ಒತ್ತಾಯಿಸುತ್ತೇವೆ. ದುಡಿಯುವ ಬಂಧುಗಳು ದನಿಗೂಡಿಸಲಿ.