ಹೆಸರನ್ನು ಕೀ ಮಾಡಬೇಡಿ

ಪ್ರೋಗ್ರಾಂ ಎರರ್ ಇಲ್ಲದೆ ಓಡಿದರೆ ಉತ್ತರ ಸರಿ ಎಂಬ ನಂಬಿಕೆ ಕಂಪ್ಯೂಟರ್ ಸೈನ್ಸ್ ಓದುವ ನಮ್ಮಲ್ಲಿ ಅನೇಕರಿಗಿದೆ. ಅದು ಎಷ್ಟು ಅಪಾಯಕಾರಿ ಎಂದು ತಿಳಿಯಲು ಪರ್ಲ್ ಭಾಷೆಯ ಒಂದು ಪುಟ್ಟ ಉದಾಹರಣೆ ಸಾಕು.

ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್, ಪಠ್ಯ ರೂಪದ ಫೈಲುಗಳನ್ನು ಓದಿ ವಿಂಗಡಿಸುವುದರಲ್ಲಿ ಪಳಗಿದ ಭಾಷೆ. ಅಂಕಗಳ ಒಂದು ಫೈಲ್ ಇದೆ ಎನ್ನೋಣ. ಪ್ರತಿ ಸಾಲಿನಲ್ಲೂ ರಿಜಿಸ್ಟರ್ ನಂಬರ್, ಹೆಸರು, ವಿಷಯ, ಅಂಕ, ನಡುನಡುವೆ ಟ್ಯಾಬ್. ಸ್ಪ್ಲಿಟ್ ಬಳಸಿ ಸಾಲನ್ನು ಟ್ಯಾಬ್ ಇದ್ದಲ್ಲಿ ಕತ್ತರಿಸಿ, ಹ್ಯಾಶ್‌ನೊಳಗೆ ಹ್ಯಾಶ್ ಇಡುತ್ತೇವೆ. ಹೊರಗಿನ ಕೀ ವಿದ್ಯಾರ್ಥಿ, ಒಳಗಿನ ಕೀ ವಿಷಯ, ಅದರ ಬೆಲೆ ಅಂಕ. ಪೈಥಾನ್‌ನಲ್ಲಿ ಡಿಕ್ಷನರಿಯೊಳಗೆ ಡಿಕ್ಷನರಿ ಇಟ್ಟ ಹಾಗೆ. ಒಳಗಿನ ಹ್ಯಾಶನ್ನು ಮೊದಲೇ ಮಾಡಿಡಬೇಕಾಗಿಲ್ಲ. ಅಂಕ ತುಂಬಿದೊಡನೆ ಪರ್ಲ್ ತಾನೇ ಸೃಷ್ಟಿಸುತ್ತದೆ.

ಓದಲು ಸುಲಭವೆಂದು ಹಲವರು ಹೆಸರನ್ನೇ ಹೊರಗಿನ ಕೀ ಮಾಡುತ್ತಾರೆ. ನಮ್ಮಂಥ ಕಾಲೇಜಿನಲ್ಲಿ ಒಂದೇ ಬ್ಯಾಚಿನಲ್ಲಿ ಇಬ್ಬರು ಆಯಿಷಾ ಬಾನು ಇರುವುದು ಅಪರೂಪವೇ? ಒಬ್ಬಳು ಪಿಸಿಎಂಬಿ, ಇನ್ನೊಬ್ಬಳು ಪಿಸಿಎಂಸಿ. ಭಾಷೆ ಇಬ್ಬರಿಗೂ ಕನ್ನಡ ಮತ್ತು ಇಂಗ್ಲಿಷ್. ಫೈಲಿನಲ್ಲಿ ಇಬ್ಬರದೂ ಸೇರಿ 12 ಸಾಲು. ಹ್ಯಾಶ್‌ನಲ್ಲಿ ಮಾತ್ರ 7 ವಿಷಯ ಬರೆದ ಒಬ್ಬಳೇ ಆಯಿಷಾ! ಇಬ್ಬರಿಗೂ ಇರುವ ಐದು ವಿಷಯಗಳಲ್ಲಿ ಮೊದಲು ಬಂದ ಅಂಕವನ್ನು ನಂತರ ಬಂದ ಅಂಕ ಅಳಿಸಿಹಾಕಿದೆ. ಪರ್ಲ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಏಕೆಂದರೆ ಇರುವ ಕೀಗೆ ಹೊಸ ಬೆಲೆ ಕೊಡುವುದು ಅದರ ನಿಯಮದಲ್ಲಿ ತಪ್ಪೇ ಅಲ್ಲ.

ಇನ್ನೊಂದು ಮೌನವೂ ಇದೆ. ಗೈರುಹಾಜರಾದವರ ಅಂಕದ ಜಾಗ ಖಾಲಿ ಇದ್ದರೆ, ಸಾಲಿನ ಕೊನೆಯ ಆ ಖಾಲಿ ಕಾಲಂ ಅನ್ನು ಸ್ಪ್ಲಿಟ್ ಕೈಬಿಡುತ್ತದೆ. ಉಳಿಯಬೇಕಾದರೆ ಮೂರನೆಯ ಆರ್ಗ್ಯುಮೆಂಟ್ ಆಗಿ -1 ಕೊಡಬೇಕು. ಉಳಿದರೂ ಒಟ್ಟು ಕೂಡುವಾಗ ಅದು ಸೊನ್ನೆಯಾಗುತ್ತದೆ. ಪರೀಕ್ಷೆಗೆ ಬಾರದಿರುವುದೂ ಬರೆದು ಸೊನ್ನೆ ಪಡೆಯುವುದೂ ಒಂದೇ ಅಲ್ಲ. ಕೂಡುವ ಮೊದಲೇ ಖಾಲಿ ಜಾಗವನ್ನು ಬೇರೆ ಮಾಡಬೇಕು.

ನಂಬರಿನಿಂದ ಮನುಷ್ಯರನ್ನು ಗುರುತಿಸುವುದು ಒಣ ವಿಚಾರ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇಲ್ಲಿ ಇಬ್ಬರು ಆಯಿಷಾಗಳನ್ನೂ ಉಳಿಸುವುದು ರಿಜಿಸ್ಟರ್ ನಂಬರೇ. ಅದು ಕೀ ಆಗಲಿ. ಹೆಸರು ಅದರೊಳಗೆ ಒಂದು ಮಾಹಿತಿಯಾಗಿ ಇರಲಿ. ಕೊನೆಯಲ್ಲಿ ಓದಿದ ಸಾಲುಗಳೆಷ್ಟು, ಹ್ಯಾಶ್‌ನಲ್ಲಿರುವ ಅಂಕಗಳೆಷ್ಟು ಎಂದು ಎಣಿಸಿ ನೋಡೋಣ. 12 ಸಾಲಿಗೆ 7 ಅಂಕ ಬಂದರೆ ಎಲ್ಲೋ ಕಳೆದಿದೆ ಎಂದು ಆಗಲೇ ತಿಳಿಯುತ್ತದೆ.

ಇನ್ನೊಬ್ಬರ ಅಂಕ ನಮ್ಮ ಕೈಗೆ ಬಂದರೆ ಅದು ಅಮಾನತ್, ನಂಬಿ ಒಪ್ಪಿಸಿದ ವಸ್ತು. ಹಾಗಾಗಿ ಉಪನ್ಯಾಸಕರಲ್ಲಿ ಒಂದು ವಿನಂತಿ: ಲ್ಯಾಬ್ ರೆಕಾರ್ಡಿಗೆ ಸಹಿ ಹಾಕುವ ಮುನ್ನ ಔಟ್‌ಪುಟ್ ನೋಡುವುದರ ಜೊತೆಗೆ, "ಈ ಕೀಯನ್ನೇ ಏಕೆ ಆರಿಸಿದೆ?" ಎಂದೂ ನಮ್ಮನ್ನು ಕೇಳಿ.