ದುಡಿಯುತ್ತಲೇ ಡಾಕ್ಟರೇಟ್: ಕನ್ನಡದ ಪ್ರಶ್ನೆಯನ್ನೇ ಯಾಕೆ ಎತ್ತಿಕೊಳ್ಳಬಾರದು?



ಹೊರದೇಶಗಳಲ್ಲಿ ಕಲಿಸುವ ಕೆಲಸದಲ್ಲಿರುವ ಕನ್ನಡಿಗರು ಕಡಿಮೆಯೇನಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವವರು, ಕಂಪನಿಗಳಲ್ಲಿ ತರಬೇತಿ ಕೊಡುವವರು, ಆಸ್ಪತ್ರೆಯಲ್ಲಿ ಹೊಸ ನರ್ಸುಗಳನ್ನು ತಯಾರು ಮಾಡುವವರು ಎಲ್ಲರೂ ಇದ್ದಾರೆ. ಇವರಲ್ಲಿ ಹಲವರ ಮಾತು ಒಂದೇ: "ಡಾಕ್ಟರೇಟ್ ಮಾಡೋ ಆಸೆ ಇದೆ, ಆದ್ರೆ ಕೆಲಸ ಬಿಡೋಕಾಗಲ್ಲ." ಕೆಲಸ ಬಿಡಬೇಕಿಲ್ಲ! ಅದಕ್ಕೆಂದೇ ಡಾಕ್ಟರ್ ಆಫ್ ಎಜುಕೇಶನ್, ಅಂದರೆ ಎಡ್.ಡಿ. ಎಂಬ ಪದವಿಯಿದೆ. ಡನ್ ಲಿಯರಿಯಲ್ಲಿ ಮನೆ ಮಾಡಿಕೊಂಡು, ಕಾಲೇಜೊಂದರಲ್ಲಿ ಪಾಠ ಮಾಡುತ್ತಾ ನಾನು ಈಗ ಅದರ ಮೂರನೇ ವರ್ಷದಲ್ಲಿದ್ದೇನೆ. ಆ ಅನುಭವದ ಮೇಲೆ ನಿಮ್ಮ ಮುಂದೆ ಒಂದು ಮಾತು ಇಡುತ್ತಿದ್ದೇನೆ.

ಏನಿದು ಎಡ್.ಡಿ.?

ಈ ಪದವಿ ಹೊಸದಲ್ಲ. ಅಮೆರಿಕದ ಹಾರ್ವರ್ಡ್ 1921ರಲ್ಲೇ ಇದನ್ನು ಕೊಟ್ಟಿತ್ತು. ಬ್ರಿಟನ್ನಿನಲ್ಲಿ 1992ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯ ಶುರು ಮಾಡಿತು. ಐರ್ಲೆಂಡಿನಲ್ಲಿ ಟ್ರಿನಿಟಿ ಕಾಲೇಜು, ಡಬ್ಲಿನ್ ಸಿಟಿ ಯೂನಿವರ್ಸಿಟಿ, ಮೇನೂತ್ ಮೂರೂ ಕಡೆ ಇದೆ. ಇಲ್ಲಿನ ಅರ್ಹತೆಗಳ ಪಟ್ಟಿಯಲ್ಲಿ ಪಿಎಚ್.ಡಿ.ಯಂತೆ ಇದಕ್ಕೂ 10ನೇ ಹಂತ, ಅಂದರೆ ಎಲ್ಲಕ್ಕಿಂತ ಮೇಲಿನದು. ಸಾಮಾನ್ಯವಾಗಿ ನಾಲ್ಕು ವರ್ಷ. ಮೊದಲರ್ಧದಲ್ಲಿ ಒಂದು ಗುಂಪಾಗಿ ತರಗತಿ, ಬರವಣಿಗೆ; ಆಮೇಲೆ ಅವರವರ ಸಂಶೋಧನೆ.

ಮುಖ್ಯ ವ್ಯತ್ಯಾಸ ಏನು ಅಂದರೆ, ಪಿಎಚ್.ಡಿ.ಯ ಪ್ರಶ್ನೆ ಹೆಚ್ಚಾಗಿ ಪುಸ್ತಕಗಳಿಂದ ಹುಟ್ಟುತ್ತದೆ, ಎಡ್.ಡಿ.ಯದ್ದು ನೀವು ದುಡಿಯುವ ಜಾಗದಿಂದ. "ನನ್ನ ತರಗತಿಯಲ್ಲಿ ಇದು ಯಾಕೆ ಹೀಗಾಗುತ್ತಿದೆ?" ಅನ್ನುವುದೇ ಸಂಶೋಧನೆಯ ವಿಷಯ.

ಹಾಗಂತ ಸುಲಭ ಅಂದುಕೊಳ್ಳಬೇಡಿ. ವಾರಕ್ಕೆ ಹತ್ತು-ಹದಿನೈದು ಗಂಟೆ ಬೇಕೇ ಬೇಕು. ನನಗೆ ಅದು ಸಿಗುವುದು ಡಾರ್ಟ್ ರೈಲಿನಲ್ಲಿ, ಮಕ್ಕಳು ಮಲಗಿದ ಮೇಲೆ, ಶನಿವಾರ ಇಲ್ಲಿನ ಲೆಕ್ಸಿಕನ್ ಗ್ರಂಥಾಲಯದಲ್ಲಿ. ಮನೆಯವರ ಒಪ್ಪಿಗೆ ಮೊದಲು, ಅರ್ಜಿ ಆಮೇಲೆ! ಶುಲ್ಕದ ಹೊರೆಯೂ ಇದೆ. ಆದರೆ ಇಲ್ಲಿ ವರ್ಷಕ್ಕೆ 7,000 ಯೂರೋವರೆಗಿನ ಶುಲ್ಕದಲ್ಲಿ ಮೊದಲ ಒಂದು ಭಾಗ ಬಿಟ್ಟು ಉಳಿದದ್ದಕ್ಕೆ ಶೇ. 20ರ ತೆರಿಗೆ ರಿಯಾಯಿತಿ ಇದೆ, ಕೇಳಿ ಪಡೆಯಿರಿ. ಇನ್ನು, ನಾವೇ ಕಲಿಸುವ ಮಕ್ಕಳನ್ನು ಸಂಶೋಧನೆಗೆ ಒಳಪಡಿಸುವಾಗ ಅವರು "ಒಲ್ಲೆ" ಅನ್ನಲು ಹಿಂಜರಿಯಬಹುದು. ಅದಕ್ಕೇ ವಿಶ್ವವಿದ್ಯಾಲಯದ ನೈತಿಕತೆ ಸಮಿತಿಯ ಒಪ್ಪಿಗೆಗೆ ತಿಂಗಳುಗಳೇ ಹಿಡಿಯುತ್ತವೆ. ಆ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಷ್ಟು ಬೆವರು ಸುರಿಸುವುದಾದರೆ ಯಾವ ಪ್ರಶ್ನೆಗೆ ಸುರಿಸಬೇಕು? ನನ್ನ ಉತ್ತರ: ಕನ್ನಡ ಕಲಿಕೆಗೆ.

ಹೆಸರು ಬಂತು, ನುಡಿ?

ನಾನಿರುವ ಊರನ್ನೇ ನೋಡಿ. ಬ್ರಿಟನ್ನಿನ ದೊರೆ ನಾಲ್ಕನೇ ಜಾರ್ಜ್ ಬಂದುಹೋದ ನೆನಪಿಗೆ 1821ರಲ್ಲಿ ಇದು ಕಿಂಗ್ಸ್‌ಟೌನ್ ಆಯಿತು. 1920ರಲ್ಲಿ ಜನ ತಮ್ಮ ಹಳೆಯ ಹೆಸರನ್ನು ಐರಿಶ್ ಕಾಗುಣಿತದಲ್ಲೇ ವಾಪಸು ತಂದರು. ನಮ್ಮ ಬ್ಯಾಂಗಲೋರ್ 2014ರಲ್ಲಿ ಬೆಂಗಳೂರಾದ ಹಾಗೆ. ಆದರೆ ನುಡಿ ವಾಪಸು ಬಂತೇ? 2022ರ ಜನಗಣತಿಯಲ್ಲಿ ಐರಿಶ್ ಬರುತ್ತದೆ ಅಂದವರು ಸುಮಾರು 18.7 ಲಕ್ಷ, ಶಾಲೆಯ ಹೊರಗೆ ದಿನವೂ ಆಡುವವರು 71,968 ಮಾತ್ರ! ಬೋರ್ಡು, ಕಾನೂನು, ಕಡ್ಡಾಯ ಪಾಠ ಎಲ್ಲ ಇದ್ದೂ ಈ ಸ್ಥಿತಿ.

ಇದನ್ನು ಕಂಡು ಐರಿಶರು ಕೈಕಟ್ಟಿ ಕೂತಿಲ್ಲ. 1998ರ ಶಿಕ್ಷಣ ಕಾಯ್ದೆ ಐರಿಶ್ ಮಾಧ್ಯಮದ ಕಲಿಕೆಗೆಂದೇ ಒಂದು ಮಂಡಳಿಗೆ ದಾರಿ ಮಾಡಿಕೊಟ್ಟಿತು. ಪಠ್ಯ, ಸಂಶೋಧನೆ ಎರಡೂ ಅದರ ಹೊಣೆ. ದೊಡ್ಡವರು ಐರಿಶ್ ಕಲಿತದ್ದನ್ನು ಅಳೆಯಲು ಮೇನೂತ್ 2005ರಿಂದ ಯುರೋಪಿನ ಮೆಟ್ಟಿಲುಗಳಿಗೆ ಹೊಂದುವ ಪರೀಕ್ಷೆ ನಡೆಸುತ್ತಿದೆ. ನುಡಿಯ ಮೇಲಿನ ಪ್ರೀತಿಗೆ ಕಲಿಸುವ ವಿದ್ಯೆಯೂ ಜೊತೆಯಾಗಬೇಕು ಎಂದು ಅವರಿಗೆ ಅರ್ಥವಾಗಿದೆ.

ನಮ್ಮಲ್ಲಿ? 1994ರ ಮಾಧ್ಯಮ ಆದೇಶದ ಜಗಳ ಇಪ್ಪತ್ತು ವರ್ಷ ನಡೆದು 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋಲಾಯಿತು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕು ಅಂದಿತು. ಒಳ್ಳೆಯದೇ. ಆದರೆ "ಕಲಿಸಬೇಕು" ಅನ್ನುವುದು ಕಾನೂನು, "ಹೇಗೆ ಕಲಿಸಬೇಕು" ಅನ್ನುವುದು ಮೇಷ್ಟ್ರ ವಿದ್ಯೆ. ಮನೆಯಲ್ಲಿ ಹಿಂದಿಯೋ ತೆಲುಗೋ ಆಡುವ ಬೆಂಗಳೂರಿನ ಮಗು, ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಡಬ್ಲಿನ್ನಿನ ಮಗು, ಇಬ್ಬರಿಗೂ ಕನ್ನಡ ಬೇಕಿರುವುದು ಎರಡನೇ ನುಡಿಯಾಗಿ. ನಮ್ಮ ಪಠ್ಯಗಳೋ, ಮಗುವಿಗೆ ಮಾತು ಮೊದಲೇ ಬರುತ್ತದೆ ಅಂದುಕೊಂಡು ಅಕ್ಷರದಿಂದ ಶುರುವಾಗುತ್ತವೆ. ನಾನು ಕಲಿಸುವ ಭಾನುವಾರದ ಕನ್ನಡ ತರಗತಿಯಲ್ಲಿ "ಞ" ಬರೆಯಬಲ್ಲ ಮಕ್ಕಳಿದ್ದಾರೆ, "ನಂಗೆ ಹಸಿವಾಗ್ತಿದೆ" ಅನ್ನಲು ಬಾಯಿ ಬಾರದು. ಇದು ಯಾಕೆ, ಏನು ಮಾಡಿದರೆ ಬಾಯಿ ತೆರೆಯುತ್ತದೆ ಅನ್ನುವುದೇ ನನ್ನ ಸಂಶೋಧನೆ. ನನ್ನ ಮಾರ್ಗದರ್ಶಕರಿಗೆ ಕನ್ನಡ ಬರದು, ಐರಿಶ್ ಬರುತ್ತದೆ. ಪ್ರಶ್ನೆ ಅವರಿಗೆ ಅರ್ಥವಾಗಲು ಎರಡು ನಿಮಿಷ ಸಾಕಾಯಿತು.

"ಇಂಗ್ಲಿಷಿನಲ್ಲಿ ಬರೆದ ಪ್ರಬಂಧದಿಂದ ಕನ್ನಡಕ್ಕೇನು ಸಿಕ್ಕೀತು?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಗ್ರಂಥಾಲಯದ ಕಪಾಟು ಸೇರಿದರೆ ಏನೂ ಸಿಗದು. ಆದ್ದರಿಂದ ಕೈ ಹಾಕುವವರು ಒಂದು ಶಪಥ ಮಾಡಬೇಕು: ಕಂಡುಕೊಂಡದ್ದನ್ನು ಇಪ್ಪತ್ತು ಪುಟಗಳ ಒಳಗೆ, ರಾಯಚೂರಿನ ಮೇಷ್ಟ್ರೂ ಬೆಲ್‌ಫಾಸ್ಟಿನ ತಾಯಿಯೂ ಓದಿ ಬಳಸುವಂಥ ಕನ್ನಡದಲ್ಲಿ ಬರೆದು ಹಂಚಬೇಕು. ಪಾಠದ ಹಾಳೆಗಳ ಸಮೇತ.

ಊರಿನಲ್ಲಿರುವ ಶಿಕ್ಷಕ ಗೆಳೆಯರಿಗೂ ದಾರಿ ಮುಚ್ಚಿಲ್ಲ. ಯುಜಿಸಿಯ 2022ರ ನಿಯಮಗಳ ಪ್ರಕಾರ ಕೆಲಸ ಮಾಡುವ ಸಂಸ್ಥೆಯ ನಿರಾಕ್ಷೇಪಣಾ ಪತ್ರ ತಂದರೆ ಅರೆಕಾಲಿಕ ಪಿಎಚ್.ಡಿ. ಮಾಡಬಹುದು. ಒಂದೇ ಪ್ರಶ್ನೆಯನ್ನು ಅಲ್ಲೊಬ್ಬರು, ಇಲ್ಲೊಬ್ಬರು ಹಿಡಿದರೆ ಹೋಲಿಕೆಗೂ ಅನುಕೂಲ.

ಹೆಸರಿನ ಮುಂದೆ "ಡಾ." ಬರುವುದು ನಮ್ಮ ಸಂತೋಷ, ಬರಲಿ. ಅದರ ಜೊತೆಗೆ ಕನ್ನಡ ಕಲಿಸುವ ಒಂದು ಒಳ್ಳೆಯ ಬಗೆಯೂ ನಾಡಿಗೆ ಸಿಗಲಿ. ನಿಮ್ಮಲ್ಲಿ ಯಾರಾದರೂ ಈ ವರ್ಷ ಅರ್ಜಿ ಹಾಕುವವರಿದ್ದೀರಾ? ಹಾಕುವ ಮುನ್ನ ನಿಮ್ಮೂರಿನ ಕನ್ನಡ ತರಗತಿಗೆ ನಾಲ್ಕು ವಾರ ಹೋಗಿ, ಸುಮ್ಮನೆ ಹಿಂದೆ ಕೂತು ನೋಡಿ. ಪ್ರಶ್ನೆ ಅಲ್ಲೇ ಸಿಗುತ್ತದೆ.